ಎಥೆನಾಲ್ ಲೆಕ್ಕಕ್ಕೆ ನೀರೂ ಸೇರಲಿ
ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನೇ ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ತ್ಯಾಜ್ಯ ನೀರಿಗೂ ಇಷ್ಟು ಬೆಲೆ ಇರುವ ರಾಜ್ಯದಲ್ಲಿ ಎಥೆನಾಲ್ ಉದ್ಯಮದ ನೀರಿನ ಲೆಕ್ಕವನ್ನು ಯಾರೂ ಕೇಳದಿರುವುದು ವಿಪರ್ಯಾಸ.

ಕಾಕಂಬಿಯಿಂದ ಒಂದು ಲೀಟರ್ ಎಥೆನಾಲ್ ತಯಾರಿಸಿದರೆ ಸುಮಾರು 8ರಿಂದ 15 ಲೀಟರ್ ಕಡುಕಂದು ತ್ಯಾಜ್ಯ, ಅಂದರೆ ಸ್ಪೆಂಟ್ ವಾಷ್, ಹೊರಬರುತ್ತದೆ. ಅದು ಹಳ್ಳಕೊಳ್ಳ ಸೇರಿದರೆ ನೀರಿನಲ್ಲಿರುವ ಆಮ್ಲಜನಕವನ್ನೇ ಹೀರಿಬಿಡುತ್ತದೆ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿ 2025ರಲ್ಲಿ ಈಡೇರಿದೆ. ಉತ್ಪಾದನೆಯೊಂದಿಗೆ ತ್ಯಾಜ್ಯವೂ ಹೆಚ್ಚಿದೆ.

ಡಿಸ್ಟಿಲರಿಗಳು ಹನಿ ತ್ಯಾಜ್ಯವನ್ನೂ ಹೊರಬಿಡಬಾರದೆಂಬ ನಿಯಮವಿದೆ. ಅದಕ್ಕಾಗಿ ತ್ಯಾಜ್ಯದ ನೀರನ್ನು ಆವಿಯಾಗಿಸಿ, ಉಳಿದ ಗಟ್ಟಿಯನ್ನು ಬಾಯ್ಲರ್‌ನಲ್ಲಿ ಸುಡಲಾಗುತ್ತದೆ. ಬೂದಿಯಲ್ಲಿರುವ ಪೊಟ್ಯಾಷ್ ಗೊಬ್ಬರವಾಗುತ್ತದೆ, ನಿಜ. ಆದರೆ ಆವಿಯಾಗಿಸಲು ಇಂಧನ ಬೇಕು. ಇಂಧನ ಉಳಿಸಲು ಇಂಧನವನ್ನೇ ಸುಡುವುದಕ್ಕಿಂತ ತ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವುದು ಜಾಣತನ. ಹೆಚ್ಚು ಮದ್ಯಸಾರ ತಾಳಿಕೊಳ್ಳುವ ಯೀಸ್ಟ್ ಬಳಕೆ, ಸ್ಪೆಂಟ್ ವಾಷ್‌ನ ಒಂದು ಪಾಲನ್ನು ಮತ್ತೆ ಹುದುಗುವಿಕೆಗೆ ಬಳಸುವುದು, ಆವಿ ತಣಿದ ನೀರಿನ ಶುದ್ಧೀಕರಣ ಮತ್ತು ಮರುಬಳಕೆ — ಇವೆಲ್ಲ ಪರಿಚಿತ ವಿಧಾನಗಳೇ.

ಡಿಸ್ಟಿಲರಿ ವಿಸ್ತರಣೆಗೆ ಅನುಮತಿ ನೀಡುವಾಗ, ಲೀಟರ್ ಎಥೆನಾಲ್‌ಗೆ ಎಷ್ಟು ನೀರು ಬಳಕೆ, ಎಷ್ಟು ತ್ಯಾಜ್ಯ ಎಂಬುದನ್ನು ಸರ್ಕಾರ ಮಾನದಂಡವಾಗಿಸಲಿ. ಆ ಅಂಕಿಅಂಶ ಜನರಿಗೂ ತಿಳಿಯಲಿ. ನೀರನ್ನು ಅಳೆದು ಬಳಸುವುದನ್ನು ಕಲಿಸಿದ ಎಂಜಿನಿಯರನ ನಾಡಿನಲ್ಲಿ ಇದು ಅತಿಯಾದ ನಿರೀಕ್ಷೆಯೇನಲ್ಲ.