ಬೇಲಿ ಮತ್ತು ಬೆಳೆ

ಕಾಯಿದೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಕಚೇರಿಯ ಮುಂದಿನ ಉದ್ದನೆಯ ಸಾಲು, ಮೂರು ಪ್ರತಿಗಳಲ್ಲಿ ಬರೆದುಕೊಡಬೇಕಾದ ಅರ್ಜಿ, ಮತ್ತು 'ನಾಳೆ ಬನ್ನಿ' ಎನ್ನುವ ಗುಮಾಸ್ತ. ವ್ಯಾಪಾರಸ್ಥರನ್ನು ವಿಚಾರಿಸಿದರಂತೂ ಸರಕಾರದ ಕೈ ಸೋಕಿದ ನೆಲದಲ್ಲಿ ಹುಲ್ಲು ಕೂಡ ಹುಟ್ಟದೆಂದು ಹೇಳಿಯಾರು. ಇನ್ನೊಂದು ಪಕ್ಷದವರು ಇದಕ್ಕೆ ವಿರುದ್ಧವಾಗಿ, ಬೇಲಿಯಿಲ್ಲದ ಹೊಲ ದನಗಳ ಪಾಲು ಎಂದು ವಾದಿಸುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಬೇಲಿಯ ಪ್ರಶ್ನೆಯನ್ನು ಹೊಲವನ್ನು ನೋಡದೆ ತೀರ್ಮಾನಿಸುವುದು ವಿವೇಕವಲ್ಲ. ಆದ್ದರಿಂದ ನಮ್ಮೆಲ್ಲರ ಕಣ್ಣೆದುರಿಗೇ ಹುಟ್ಟಿ ಬೆಳೆದ ಒಂದು ಉದ್ಯಮವನ್ನು ತೆಗೆದುಕೊಂಡು, ಅದನ್ನು ಬೆಳೆಸಿದವರಾರು, ತಡೆದವರಾರು ಎಂಬುದನ್ನು ಈ ವಾರ ಪರಿಶೀಲಿಸೋಣ.

ಆ ಉದ್ಯಮ ಯಾವುದೆಂದರೆ, ಮೊಬೈಲಿನಿಂದ ಹಣ ಸಲ್ಲಿಸುವ ಏರ್ಪಾಡು. ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯ ಮೇಲೆಯೂ ಆ ಕಪ್ಪು ಬಿಳುಪಿನ ಚೌಕದ ಚೀಟಿ ಇಂದು ಕಾಣುತ್ತದೆ. 2025ರ ಆಗಸ್ಟ್ ಒಂದೇ ತಿಂಗಳಿನಲ್ಲಿ ಯು.ಪಿ.ಐ. ಎಂಬ ಈ ವ್ಯವಸ್ಥೆಯ ಮೂಲಕ 2,000 ಕೋಟಿಗೂ ಹೆಚ್ಚು ಸಲ ಹಣ ಕೈಬದಲಾಯಿಸಿತು. ಮೊತ್ತ ಸುಮಾರು 24 ಲಕ್ಷ 85 ಸಾವಿರ ಕೋಟಿ ರೂಪಾಯಿ. 2016ಕ್ಕೆ ಮುಂಚೆ ಇದು ಬಳಕೆಯಲ್ಲಿಯೇ ಇರಲಿಲ್ಲವೆಂಬುದನ್ನು ನೆನೆದರೆ ಯಾರಿಗಾದರೂ ವಿಸ್ಮಯವಾಗದಿರದು.

ಇದು ಯಂತ್ರದ ಮಹಿಮೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಯಂತ್ರವೇನೋ ಬೇಕೇ ಬೇಕು. ಆದರೆ ಅದೇ ಮೊಬೈಲು, ಅದೇ ತಂತಿಯಿಲ್ಲದ ಸಂಪರ್ಕ ಎಷ್ಟೋ ದೇಶಗಳಲ್ಲಿಯೂ ಇದ್ದುವು. ಎಲ್ಲ ಕಡೆಯೂ ಇದೇ ಬೆಳೆ ಬರಲಿಲ್ಲ. ವ್ಯತ್ಯಾಸಕ್ಕೆ ಕಾರಣವನ್ನು ಹುಡುಕುವವರು ಯಂತ್ರಶಾಲೆಯನ್ನು ಬಿಟ್ಟು ಶಾಸನದ ಪುಸ್ತಕವನ್ನು ತೆರೆಯಬೇಕಾಗುತ್ತದೆ.

ಹಣದ ವ್ಯವಹಾರಕ್ಕೆ ಮೂಲಧನ ಎರಡು. ಒಂದು ಹಣ, ಇನ್ನೊಂದು ನಂಬಿಕೆ. ಎರಡನೆಯದು ಇಲ್ಲವಾದರೆ ಮೊದಲನೆಯದು ಪೆಟ್ಟಿಗೆಯಿಂದ ಹೊರಗೆ ಬಾರದು. ನಮ್ಮ ಕರಾವಳಿಯ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಯ ಬಾಗಿಲಿಗೆ ಬಂದು ಎರಡಾಣೆಯನ್ನು ಕೂಡ ಪಡೆದು ಚೀಟಿ ಬರೆದುಕೊಡುತ್ತಿದ್ದ. ಎರಡಾಣೆಯವರನ್ನು ಬ್ಯಾಂಕಿನ ಗಿರಾಕಿಗಳೆಂದು ಎಣಿಸಿದ್ದೇ ಒಂದು ದೊಡ್ಡ ಸಂಗತಿ. ಅಲ್ಲಿ ನಂಬಿಕೆಯ ಆಧಾರವೆಂದರೆ ಊರಿನವರೇ ಆದ ಆ ಪ್ರತಿನಿಧಿಯ ಪರಿಚಿತ ಮುಖ.

ಆದರೆ ಬ್ಯಾಂಕು ದೊಡ್ಡದಾದಂತೆ ಮುಖದ ಪರಿಚಯ ಸಾಲದಾಯಿತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದಾಗ ಸಾವಿರಾರು ಕುಟುಂಬಗಳ ಉಳಿತಾಯಕ್ಕೆ ಸಂಚಕಾರ ಬಂದಿತು. ಆಗ ಸರಕಾರ ಎಚ್ಚೆತ್ತು 1961ರಲ್ಲಿ ಠೇವಣಿ ವಿಮೆಯ ಕಾಯಿದೆಯನ್ನು ರಚಿಸಿತು. 1962ರ ಜನವರಿ 1ರಿಂದ ಪ್ರತಿಯೊಬ್ಬ ಠೇವಣಿದಾರನಿಗೂ ಒಂದು ಬ್ಯಾಂಕಿನಲ್ಲಿ 1,500 ರೂಪಾಯಿಗಳವರೆಗೆ ರಕ್ಷಣೆ ದೊರೆಯಿತು. ಆ ಮಿತಿ ಕಾಲಕಾಲಕ್ಕೆ ಏರಿ 1993ರಲ್ಲಿ 1 ಲಕ್ಷವಾಯಿತು, 2020ರ ಫೆಬ್ರವರಿಯಲ್ಲಿ 5 ಲಕ್ಷವಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂದು ಇದನ್ನು ಕೆಲವರು ಹಳಿಯಬಹುದು. ಆದರೂ ಆ ಬಾಗಿಲು ಮುಂದಿನ ಪೀಳಿಗೆಗಳಿಗೆ ಉಪಯೋಗಕ್ಕೆ ಬಂದಿತೆಂಬುದನ್ನು ಮರೆಯಲಾಗದು. ನಾವು ಇಂದು ಬ್ಯಾಂಕಿಗೆ ಹೋಗುವಾಗ ಅದರ ಆಡಳಿತ ಮಂಡಳಿಯ ಸದಸ್ಯರ ಗುಣನಡತೆಯನ್ನು ವಿಚಾರಿಸುವುದಿಲ್ಲ. ಆ ಕೆಲಸವನ್ನು ನಮ್ಮ ಪರವಾಗಿ ಬೇರೆ ಯಾರೋ ಮಾಡುತ್ತಿದ್ದಾರೆಂಬ ಧೈರ್ಯ ನಮಗಿದೆ. ಆ ಧೈರ್ಯಕ್ಕೆ ಕಾಯಿದೆಯೆಂದು ಹೆಸರು.

ಈಗ ಮೊಬೈಲಿನ ಕಥೆಗೆ ಬರೋಣ. 2007ರಲ್ಲಿ ಸಂಸತ್ತು ಹಣ ಪಾವತಿಯ ವ್ಯವಸ್ಥೆಗಳಿಗೆ ಸಂಬಂಧಪಟ್ಟ ಒಂದು ಕಾಯಿದೆಯನ್ನು ಅಂಗೀಕರಿಸಿತು. ಆ ಸುದ್ದಿಯನ್ನು ಗಮನಿಸಿದ ಓದುಗರು ಕೆಲವೇ ಮಂದಿ ಇದ್ದಿರಬೇಕು. ಮರುವರ್ಷ, ರಿಸರ್ವ್ ಬ್ಯಾಂಕು ಮತ್ತು ಬ್ಯಾಂಕುಗಳ ಸಂಘ ಇವೆರಡೂ ಮುಂದೆ ನಿಂತು, ಲಾಭದ ಉದ್ದೇಶವಿಲ್ಲದ ರಾಷ್ಟ್ರೀಯ ಪಾವತಿ ನಿಗಮವೊಂದನ್ನು ಸ್ಥಾಪಿಸಿದುವು. ಯು.ಪಿ.ಐ. ಈ ನಿಗಮದ ಕೂಸು.

2009ರಲ್ಲಿ ರಿಸರ್ವ್ ಬ್ಯಾಂಕು ಇನ್ನೊಂದು ನಿಯಮವನ್ನು ತಂದಿತು. ಅಂಗಡಿಗೆ ಹೋಗದೆ ಇಂಟರ್ನೆಟ್ಟಿನ ಮೂಲಕ ಕಾರ್ಡಿನಿಂದ ಹಣ ಕೊಡುವವರಿಂದ, ಕಾರ್ಡಿನ ಮೇಲೆ ಅಚ್ಚಾಗಿಲ್ಲದ ಮತ್ತೊಂದು ಗುಪ್ತ ಗುರುತನ್ನೂ ಕೇಳಬೇಕೆಂಬುದೇ ಆ ನಿಯಮ. ಒಂದು ಬಾಗಿಲಿಗೆ ಎರಡು ಬೀಗ! ವ್ಯಾಪಾರಸ್ಥರಿಗೆ ಇದು ಹಿಡಿಸಲಿಲ್ಲ. ಬೇರೆ ದೇಶಗಳಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಇಲ್ಲಿ ಇಷ್ಟೇಕೆ ರಗಳೆ ಎಂದು ಅವರು ಕೇಳಿದರು. 2014ರಲ್ಲಿ ಊಬರ್ ಎಂಬ ವಿದೇಶೀ ಟ್ಯಾಕ್ಸಿ ಸಂಸ್ಥೆಯು ಪಾವತಿಯನ್ನು ಪರದೇಶದ ಮಾರ್ಗವಾಗಿ ಸುತ್ತಿಸಿ ಎರಡನೆಯ ಬೀಗವನ್ನು ತಪ್ಪಿಸಿಕೊಂಡದ್ದು ಚರ್ಚೆಗೆ ಬಂದಿತು. ಆ ವರ್ಷದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಅಂಥ ದಾರಿಗಳೆಲ್ಲವನ್ನೂ ಮುಚ್ಚಿತು.

ಆದದ್ದೇನು? ಉದ್ಯಮವು ಸಾಯಲಿಲ್ಲ, ದಾರಿ ಬದಲಾಯಿಸಿತು. ಎರಡು ಬೀಗಗಳಿದ್ದೂ ಬೇಗನೆ ತೆರೆಯುವ ಬಾಗಿಲನ್ನು ಹೇಗೆ ಕಟ್ಟಬಹುದೆಂದು ತಂತ್ರಜ್ಞರು ಯೋಚಿಸತೊಡಗಿದರು. 2016ರ ಏಪ್ರಿಲ್ 11ರಂದು ಅಂದಿನ ಗವರ್ನರರಾದ ರಘುರಾಮ ರಾಜನ್ ಅವರು ಯು.ಪಿ.ಐ.ಯನ್ನು ಉದ್ಘಾಟಿಸಿದಾಗ, ಅದರಲ್ಲಿ ಎರಡು ಬೀಗಗಳೂ ಇದ್ದುವು. ನೋಂದಾಯಿಸಿದ ಮೊಬೈಲೇ ಒಂದು ಬೀಗ, ಒಡೆಯನಿಗೆ ಮಾತ್ರ ಗೊತ್ತಿರುವ ಗುಪ್ತಸಂಖ್ಯೆ ಇನ್ನೊಂದು. ಯಾವ ಕಟ್ಟಳೆಯನ್ನು ಉದ್ಯಮಕ್ಕೆ ಮಾರಕವೆಂದು ಕರೆದರೋ ಅದೇ ಹೊಸ ಉದ್ಯಮದ ಅಡಿಗಲ್ಲಾಯಿತು.

ಇನ್ನೂ ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಯಾವ ಬ್ಯಾಂಕಿನ ಗಿರಾಕಿಯೇ ಆಗಲಿ, ಯಾವ ಸಂಸ್ಥೆಯ ಆ್ಯಪ್ ಬಳಸಿದರೂ, ಬೇರೊಂದು ಸಂಸ್ಥೆಯ ಗಿರಾಕಿಗೆ ಹಣ ಕಳುಹಿಸಬಹುದೆಂಬುದು ಈ ವ್ಯವಸ್ಥೆಯ ಮೂಲ ನಿಯಮ. ರಸ್ತೆ ಎಲ್ಲರದು, ಗಾಡಿ ಮಾತ್ರ ಅವರವರದು. ಆಫ್ರಿಕಾದ ಕೆನ್ಯಾ ದೇಶದ ಉದಾಹರಣೆಯನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿ 2007ರಲ್ಲಿ ಸಫಾರಿಕಾಮ್ ಎಂಬ ದೂರವಾಣಿ ಸಂಸ್ಥೆಯು ಎಂ-ಪೇಸಾ ಎಂಬ ಹೆಸರಿನಲ್ಲಿ ಮೊಬೈಲಿನ ಹಣವನ್ನು ಆರಂಭಿಸಿದಾಗ, ಆ ದೇಶದ ಕೇಂದ್ರ ಬ್ಯಾಂಕು ಅಡ್ಡಿ ಮಾಡಲಿಲ್ಲ. ಜನರ ಹಣವನ್ನು ಪ್ರತ್ಯೇಕ ನ್ಯಾಸದ ಖಾತೆಯಲ್ಲಿಡಬೇಕೆಂದು ಕಟ್ಟು ಮಾಡಿ ಬಿಟ್ಟುಕೊಟ್ಟಿತು. ವಿವರವಾದ ಕಾಯಿದೆ ಬಂದದ್ದು 2011ರಲ್ಲಿ. ಬ್ಯಾಂಕಿನ ಮುಖವನ್ನೇ ಕಾಣದಿದ್ದ ಬಡವರಿಗೆ ಅದರಿಂದ ಮಹೋಪಕಾರವಾಯಿತು. ಆದರೆ ಅಲ್ಲಿ ರಸ್ತೆಯೂ ಗಾಡಿಯೂ ಬಹುಮಟ್ಟಿಗೆ ಒಬ್ಬರದೇ ಆದುವು. ಬೇಲಿಯನ್ನು ಮೊದಲು ಹಾಕಿದರೆ ಒಂದು ಬಗೆಯ ಬೆಳೆ, ಅನಂತರ ಹಾಕಿದರೆ ಇನ್ನೊಂದು ಬಗೆಯ ಬೆಳೆ.

ಹಾಗೆಂದು ನಮ್ಮ ಹೊಲದಲ್ಲಿ ಕಳೆಯೇ ಇಲ್ಲವೆಂದು ಬೀಗಬೇಕಾಗಿಲ್ಲ. ರಸ್ತೆ ಎಲ್ಲರದಾದರೂ ಅದರ ಮೇಲೆ ಓಡುವ ಗಾಡಿಗಳಲ್ಲಿ ಹೆಚ್ಚಿನವು ಇಬ್ಬರಿಗೆ ಸೇರಿವೆ. ನಮ್ಮ ಬೆಂಗಳೂರಿನ ಫೋನ್‌ಪೇ ಒಂದು, ಅಮೆರಿಕದ ಗೂಗಲ್ ಸಂಸ್ಥೆಯದು ಇನ್ನೊಂದು. ಯಾವ ಸಂಸ್ಥೆಯೂ ಒಟ್ಟು ವ್ಯವಹಾರದ ನೂರಕ್ಕೆ 30 ಪಾಲನ್ನು ಮೀರಬಾರದೆಂದು ನಿಗಮವು 2020ರಲ್ಲಿಯೇ ಸಾರಿತು. ಆದರೆ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕುತ್ತ 2026ರ ಕೊನೆಗೆ ತಂದು ನಿಲ್ಲಿಸಿತು. ಗಿರಾಕಿಯು ತಾನಾಗಿ ಒಪ್ಪಿ ಬಂದ ಅಂಗಡಿಯಿಂದ ಅವನನ್ನು ಹೊರಗೆ ಕಳುಹಿಸುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಎರಡನೆಯದು ಖರ್ಚಿನ ಪ್ರಶ್ನೆ. 2020ರ ಜನವರಿಯಿಂದ ಯು.ಪಿ.ಐ. ಮೂಲಕ ಹಣ ಪಡೆಯುವ ವರ್ತಕನಿಂದ ಬ್ಯಾಂಕುಗಳು ಶುಲ್ಕ ವಸೂಲು ಮಾಡಬಾರದೆಂದು ಸರಕಾರ ವಿಧಿಸಿತು. ಚಹದ ಅಂಗಡಿಯವನೂ ಚೀಟಿ ಅಂಟಿಸಿಕೊಳ್ಳಲು ಈ ನಿರ್ಧಾರ ಬಹಳ ನೆರವಾಯಿತು. ಆದರೆ ಪುಕ್ಕಟೆ ಎಂಬ ಪದಾರ್ಥ ಲೋಕದಲ್ಲಿಲ್ಲ. ಸಣ್ಣ ವರ್ತಕರ ಸಣ್ಣ ಮೊತ್ತಗಳ ವೆಚ್ಚವನ್ನು ತುಂಬಿಕೊಡಲು 2024-25ನೆಯ ಸಾಲಿಗೆ ಕೇಂದ್ರ ಸರಕಾರವು ಸುಮಾರು 1,500 ಕೋಟಿ ರೂಪಾಯಿಗಳ ಪ್ರೋತ್ಸಾಹಧನಕ್ಕೆ ಒಪ್ಪಿಗೆ ನೀಡಿತು. ಅದು ತೆರಿಗೆ ಕೊಡುವ ನಮ್ಮೆಲ್ಲರ ಹಣ. ಅದರಲ್ಲಿ ತಪ್ಪಿದೆಯೆಂದು ನಾನು ಹೇಳಲಾರೆ. ಬೀದಿಯ ದೀಪಕ್ಕೂ ನಾವೇ ಹಣ ಕೊಡುತ್ತೇವೆ. ಆದರೆ ಕೊಡುತ್ತಿದ್ದೇವೆಂಬ ಅರಿವು ನಮಗಿರಬೇಕು.

ಮೂರನೆಯದು ಭಯದ ಪ್ರಶ್ನೆ. ಇದು ನಮ್ಮ ನಾಡಿನಲ್ಲಿಯೇ ನಡೆದದ್ದು. 2025ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ, ಸೇವೆ ಒದಗಿಸುವವರದು 20 ಲಕ್ಷ ಮೀರಿದರೆ, ಜಿ.ಎಸ್.ಟಿ. ನೋಂದಣಿ ಮಾಡಿಸಬೇಕೆಂಬುದು ಕಾಯಿದೆ. ಇಲಾಖೆಯ ಮಾತು ಕಾಯಿದೆಗೆ ಹೊರತಾಗಿರಲಿಲ್ಲ. ಆದರೆ ಖಾತೆಗೆ ಬಂದ ಹಣವೆಲ್ಲವೂ ವ್ಯಾಪಾರದ ಹಣವಲ್ಲ. ಅದರಲ್ಲಿ ತಮ್ಮನು ತೀರಿಸಿದ ಸಾಲವಿರಬಹುದು, ಮಗನು ಕಳುಹಿಸಿದ ಮನೆಖರ್ಚಿರಬಹುದು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಹೀಗಿರುವಲ್ಲಿ ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ರೂಪಾಯಿಗಳ ನೋಟೀಸು ಬಂದರೆ ಅವರ ಗತಿಯೇನು? ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕೆಲವೇ ದಿನಗಳಲ್ಲಿ ಚೀಟಿಗಳು ಮಾಯವಾಗಿ, 'ನಗದು ಮಾತ್ರ' ಎಂಬ ಫಲಕಗಳು ಎದ್ದುವು. ಕೊನೆಗೆ, ಹಳೆಯ ಬಾಕಿಗಾಗಿ ಪೀಡಿಸುವುದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿಗಳೇ ವರ್ತಕರನ್ನು ಸಮಾಧಾನಪಡಿಸಬೇಕಾಯಿತು.

ಈ ಪ್ರಸಂಗವನ್ನು ನಾವು ಹಗುರವಾಗಿ ಮರೆಯಬಾರದು. ಹದಿನೇಳು ವರ್ಷಗಳಲ್ಲಿ ಒಂದೊಂದೇ ಇಟ್ಟಿಗೆಯಿಟ್ಟು ಕಟ್ಟಿದ ನಂಬಿಕೆಯು ಹದಿನೈದು ದಿನಗಳಲ್ಲಿ ಅಲುಗಾಡಿತು. ತೆರಿಗೆ ಕೊಡಬೇಕಾದವನು ಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಟೀಸು ಬರುವ ಮುನ್ನ ತಿಳಿವಳಿಕೆ ಬರಬೇಕು. ಇಲಾಖೆಯ ನೌಕರರು ಮೊದಲು ಬೀದಿಗಿಳಿದು, ಕನ್ನಡದಲ್ಲಿ ಅಚ್ಚುಮಾಡಿಸಿದ ಒಂದು ಹಾಳೆಯನ್ನು ಹಂಚಿ, ಯಾವುದಕ್ಕೆ ತೆರಿಗೆಯುಂಟು, ಯಾವುದಕ್ಕಿಲ್ಲ ಎಂದು ವಿವರಿಸಿದ್ದರೆ ಅಷ್ಟು ಗಾಬರಿಯೇ ಆಗುತ್ತಿರಲಿಲ್ಲ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಬಿಡುವುದರಿಂದ ಗುಬ್ಬಿಗಷ್ಟೇ ಅಲ್ಲ, ಅಸ್ತ್ರದ ಮರ್ಯಾದೆಗೂ ಕೇಡು.

ಕೊನೆಯದಾಗಿ ಮನೆಯವರೆಲ್ಲರೂ ಕುಳಿತು ಕೇಳಬೇಕಾದ ಒಂದೆರಡು ಮಾತು. ಸರಕಾರದ ಬೇಲಿ ಎಷ್ಟೇ ಭದ್ರವಾಗಿರಲಿ, ಮನೆಯ ಬಾಗಿಲನ್ನು ಒಳಗಿನಿಂದ ತೆರೆದುಕೊಟ್ಟರೆ ಅದು ಕಾಯಲಾರದು. ನಮಗೆ ಬರಬೇಕಾದ ಹಣವನ್ನು ಪಡೆಯಲು ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಒತ್ತಿರೆಂದು ಯಾರಾದರೂ ಹೇಳಿದರೆ ಅವನು ಠಕ್ಕನೆಂದೇ ತಿಳಿಯತಕ್ಕದ್ದು. ಪೊಲೀಸ್ ಉಡುಪು ಧರಿಸಿ ಮೊಬೈಲಿನ ತೆರೆಯ ಮೇಲೆ ಕಾಣಿಸಿಕೊಂಡು 'ನಿಮ್ಮನ್ನು ಮನೆಯಲ್ಲಿಯೇ ಬಂಧಿಸಿದ್ದೇವೆ' ಎಂದು ಗದರಿಸುವವರಿದ್ದಾರೆ. ಅಂಥ ಬಂಧನವು ನಮ್ಮ ದೇಶದ ಯಾವ ಕಾಯಿದೆಯಲ್ಲಿಯೂ ಇಲ್ಲ. ನಿವೃತ್ತರಾದ ಹಿರಿಯರು, ಒಬ್ಬರೇ ಇರುವ ತಾಯಂದಿರು ಇವರ ಬಲೆಗೆ ಬೀಳುತ್ತಿರುವುದು ದುಃಖದ ಸಂಗತಿ. ಮೋಸವಾಯಿತೆಂದು ತಿಳಿದೊಡನೆ 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಗಿರಾಕಿಯದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವನು ನಷ್ಟ ಹೊರಬೇಕಾಗಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳಿನ ಆದೇಶದಲ್ಲಿ ವಿಧಿಸಿತು. ತಾನೇ ಗುಪ್ತಸಂಖ್ಯೆಯನ್ನು ಹೇಳಿಕೊಟ್ಟವನಿಗೆ ದೂರು ಕೊಡುವ ತನಕದ ನಷ್ಟ ತಪ್ಪದೆಂಬುದೂ ಅದೇ ಆದೇಶದಲ್ಲಿದೆ. ಆದ್ದರಿಂದ ನಾಚಿಕೆಪಟ್ಟು ಸುಮ್ಮನೆ ಕುಳಿತ ಪ್ರತಿ ಗಳಿಗೆಯೂ ಕಳ್ಳನಿಗೆ ಲಾಭ. ಮನೆಯ ಹಿರಿಯರು ಮೋಸಹೋದಾಗ ಕಿರಿಯರು ಗದರಿಸದೆ ಧೈರ್ಯ ಹೇಳಿದರೆ, ಅವರು ಬೇಗ ಬಾಯಿ ಬಿಟ್ಟಾರು, ಹಣವೂ ಉಳಿದೀತು.

ಕಾಯಿದೆಯನ್ನು ದೂರದಿಂದ ಶಪಿಸುವುದಾಗಲಿ, ಕುರುಡಾಗಿ ನಂಬುವುದಾಗಲಿ ಪ್ರಜೆಗಳಿಗೆ ಒಪ್ಪುವ ನಡತೆಯಲ್ಲ. ಬೇಲಿ ಎಲ್ಲಿ ಬೇಕು, ಎಷ್ಟು ಎತ್ತರ ಬೇಕು, ಗೇಟು ಯಾವ ಕಡೆಗೆ ತೆರೆಯಬೇಕು ಎಂಬುದನ್ನು ಹೊಲದಲ್ಲಿ ದುಡಿಯುವವರನ್ನೂ ಕೇಳಿ ನಿರ್ಧರಿಸುವ ಸರಕಾರವು, ತೆರಿಗೆಯನ್ನೂ ಪಡೆದೀತು, ವಿಶ್ವಾಸವನ್ನೂ ಪಡೆದೀತು. ಸೊಪ್ಪಿನ ಅಜ್ಜಿಯು ಬುಟ್ಟಿಯ ಮೇಲಿನ ಚೀಟಿಯನ್ನು ಹೆದರಿ ಹರಿದುಹಾಕದಂತೆ ನೋಡಿಕೊಳ್ಳುವುದು ಹಣಕಾಸಿನ ಸಚಿವರ ಕೆಲಸವೆಷ್ಟೋ, ಅದನ್ನು ಅವರಿಗೆ ನೆನಪುಮಾಡಿಕೊಡುವುದು ಓದುಬರಹ ಬಲ್ಲ ನಮ್ಮ ಕೆಲಸವೂ ಅಷ್ಟೇ.