ನಾಬೋತನ ದ್ರಾಕ್ಷಿತೋಟ

ಕಾನಾನ್ ನಾಡನ್ನೆಲ್ಲ ನಿನ್ನ ಸಂತತಿಗೆ ಕೊಡುವೆನೆಂದು ದೇವರು ಅಬ್ರಹಾಮನಿಗೆ ವಚನವಿತ್ತಿದ್ದನು. ಆದರೆ ಹೆಂಡತಿ ಸಾರಳು ತೀರಿಕೊಂಡಾಗ ಆಕೆಯನ್ನು ಹೂಳಲು ಆ ನಾಡಿನಲ್ಲಿ ಅವನದೆಂಬ ಗೇಣು ನೆಲವಿರಲಿಲ್ಲ! ಹೆಬ್ರೋನಿನಲ್ಲಿ ಎಫ್ರೋನನೆಂಬವನ ಹೊಲವನ್ನೂ ಅದರಲ್ಲಿದ್ದ ಗವಿಯನ್ನೂ ಕೊಳ್ಳಬೇಕಾಯಿತು. ಎಫ್ರೋನನು ಮೊದಲು ದಾನವಾಗಿಯೇ ಕೊಡುವೆನೆಂದ; ಮಾತಿನ ನಡುವೆ ಬೆಲೆಯನ್ನೂ ತೇಲಿಬಿಟ್ಟ. ಅಬ್ರಹಾಮನು ಚೌಕಾಸಿ ಮಾಡದೆ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನು. ಸಂತೆಯ ವ್ಯಾಪಾರ ಬಲ್ಲ ನಮ್ಮ ಗೃಹಿಣಿಯರಿಗೆ ಇಂಥ ಉಪಚಾರದ ಒಳಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಇಸ್ರಾಯೇಲ್ಯರು ಆ ನಾಡನ್ನು ಸೇರಿದಾಗ ಅದು ಬರಿದಾಗಿರಲಿಲ್ಲ. ಅಲ್ಲಿ ಅನ್ಯ ಜನಾಂಗಗಳಿದ್ದುವು, ಘೋರ ಯುದ್ಧಗಳಾದುವು ಎಂಬುದನ್ನು ಅವರ ಧರ್ಮಗ್ರಂಥವೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಚೀಟು ಹಾಕಿ ಕುಲಗಳಿಗೆ ಹಂಚಿದ ನೆಲಕ್ಕೆ ಹೀಬ್ರೂ ಭಾಷೆಯಲ್ಲಿ 'ನಹಲಾ' ಎಂದು ಹೆಸರು. ಕನ್ನಡ ಬೈಬಲಿನಲ್ಲಿ 'ಸ್ವಾಸ್ತ್ಯ'. ಸ್ವಾರಸ್ಯವೆಂದರೆ, ಸ್ವಾಸ್ತ್ಯ ಪಡೆದವನು ಅದರ ಒಡೆಯನಲ್ಲ. ನೆಲವು ದೇವರದು, ಜನರು ಅವನ ಆಶ್ರಯದಲ್ಲಿರುವ ಪರದೇಶಿಗಳು ಎಂಬುದು ಯಾಜಕಕಾಂಡದ 25ನೆಯ ಅಧ್ಯಾಯದ ವಿಧಿ. ಆದುದರಿಂದ ಅದನ್ನು ಶಾಶ್ವತವಾಗಿ ಮಾರುವಂತಿರಲಿಲ್ಲ. ಬಡತನದಿಂದ ಮಾರಿದರೂ 50ನೆಯ ವರ್ಷದ ಜೂಬಿಲಿ ಸಂವತ್ಸರದಲ್ಲಿ ಅದು ಮೂಲ ಕುಟುಂಬಕ್ಕೆ ಮರಳಬೇಕು; ಅಲ್ಲಿಯವರೆಗೆ ಎಷ್ಟು ಬೆಳೆ ಸಿಕ್ಕೀತೆಂದು ಎಣಿಸಿ ಬೆಲೆ ಕಟ್ಟಬೇಕು. ಕ್ರಯವೆನ್ನುವುದಕ್ಕಿಂತ ಇದನ್ನು ಭೋಗ್ಯವೆನ್ನುವುದೇ ಸರಿ. (ಗಂಡುಮಕ್ಕಳಿಲ್ಲದ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲನ್ನು ಕೇಳಿ ಗೆದ್ದರು. ಆ ದಿಟ್ಟೆಯರ ಕಥೆ ಇನ್ನೊಂದು ವಾರಕ್ಕಿರಲಿ.)

ಈ ವಿಧಿಯು ಕ್ರಿ.ಪೂ. 9ನೆಯ ಶತಮಾನದಲ್ಲಿ ಒಬ್ಬ ಅರಸನಿಗೆ ಅಡ್ಡ ಬಂದಿತು. ಇಜ್ರೇಲಿನಲ್ಲಿ ಅಹಾಬನ ಅರಮನೆಗೆ ತಾಗಿದಂತೆ ನಾಬೋತನೆಂಬ ಸಾಮಾನ್ಯನ ದ್ರಾಕ್ಷಿತೋಟವಿತ್ತು. ಅಲ್ಲಿ ಕಾಯಿಪಲ್ಯ ಬೆಳೆಸಬೇಕೆಂದು ಅರಸನಿಗೆ ಆಸೆ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ಹಣ ತೆಗೆದುಕೋ ಎಂದನು. ನ್ಯಾಯವಾದ ಬೆಲೆಯೇ, ದಬ್ಬಾಳಿಕೆಯ ಮಾತಲ್ಲ. ನಾಬೋತನಾದರೋ ಪಿತೃಗಳ ಸ್ವಾಸ್ತ್ಯವನ್ನು ಕೊಡುವುದು ದೇವರಿಗೆ ಒಪ್ಪದೆಂದು ಖಂಡಿತವಾಗಿ ನುಡಿದನು. ಅಹಾಬನು ಏನು ಮಾಡಿದನು? ಅರಮನೆಗೆ ಬಂದು, ಹಾಸಿಗೆಯ ಮೇಲೆ ಮುಖ ತಿರುಗಿಸಿ ಮಲಗಿ, ಊಟ ಬಿಟ್ಟನು! ಸಿಂಹಾಸನದಲ್ಲಿ ಕುಳಿತವನ ಈ ಹುಡುಗಾಟ ನಗು ತರಿಸುತ್ತದೆ. ಆದರೆ ಆ ಮನಸ್ಸಿಗೂ ವಿಧಿಯನ್ನು ಮೀರುವ ಧೈರ್ಯವಿರಲಿಲ್ಲ.

ಧೈರ್ಯವಿದ್ದುದು ರಾಣಿ ಈಜೆಬೆಲಳಿಗೆ. ಆಕೆ ಸೀದೋನಿನ ರಾಜಕುಮಾರಿ; ಪ್ರಜೆಯು ಅರಸನಿಗೆ ಒಲ್ಲೆನೆನ್ನುವುದು ಆಕೆಗೆ ಸಹಿಸದ ಮಾತು. ಅರಸನ ಮುದ್ರೆಯೊತ್ತಿ ಊರ ಹಿರಿಯರಿಗೆ ಪತ್ರ ಕಳುಹಿಸಿದಳು. ದೇವರನ್ನೂ ಅರಸನನ್ನೂ ದೂಷಿಸಿದನೆಂದು ಇಬ್ಬರು ನೀಚರು ಸುಳ್ಳುಸಾಕ್ಷಿ ನುಡಿದರು. ಜನರು ನಾಬೋತನನ್ನು ಕಲ್ಲೆಸೆದು ಕೊಂದರು. ಮುದ್ರೆಯನ್ನು ಕಂಡೊಡನೆ ಬಾಯಿ ಕಟ್ಟಿಕೊಂಡ ಆ ಹಿರಿಯರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಅವನ ಮಕ್ಕಳ ರಕ್ತವೂ ಚೆಲ್ಲಿತೆಂದು ಗ್ರಂಥವು ಇನ್ನೊಂದೆಡೆ ಸೂಚಿಸುತ್ತದೆ. ಎಂದ ಮೇಲೆ ಪಾಲು ಕೇಳುವವರಾದರೂ ಯಾರು?

ಅಹಾಬನು ತೋಟಕ್ಕೆ ಇಳಿದಾಗ ಅಲ್ಲಿ ಪ್ರವಾದಿ ಎಲೀಯನು ಎದುರಾಗಿ ಅವನ ಮನೆತನಕ್ಕೆ ನಾಶವನ್ನು ಸಾರಿದನು. ಅರಸನು ಗೋಣಿತಟ್ಟು ಉಟ್ಟು ಮರುಗಿದುದರಿಂದ ಶಿಕ್ಷೆಯು ಮಗನ ಕಾಲಕ್ಕೆ ಮುಂದೆ ಹೋಯಿತು. ವರ್ಷಗಳು ಕಳೆದು, ಮಗನಾದ ಯೋರಾಮನನ್ನು ಸೇನಾಪತಿ ಯೇಹುವು ಬಾಣದಿಂದ ಕೊಂದಾಗ, ಶವವನ್ನು ನಾಬೋತನ ಹೊಲದಲ್ಲಿ ಎಸೆಯುವಂತೆ ತನ್ನ ಸರದಾರನಿಗೆ ಹೇಳಿದನು. ಹಿಂದೆ ಅವರಿಬ್ಬರೂ ಅಹಾಬನ ಹಿಂದೆ ಸವಾರಿ ಹೋಗುತ್ತಿದ್ದಾಗ ಆ ಶಾಪವನ್ನು ಕಿವಿಯಾರೆ ಕೇಳಿದ್ದರು.