ಆಯ್ಕೆ ಮೊದಲೋ, ನ್ಯಾಯ ಮೊದಲೋ?

ಆಟಗಾರನನ್ನು ತಂಡಕ್ಕೆ ಆರಿಸುವಾಗ ಅವನ ಪ್ರತಿಭೆಯನ್ನಷ್ಟೇ ನೋಡಬೇಕೇ, ಮೈದಾನದ ಹೊರಗಿನ ನಡತೆಯನ್ನೂ ತೂಗಬೇಕೇ? ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳು ಪ್ರತಿವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಟೈರೀಕ್ ಹಿಲ್ ಎಂಬಾತ 2014ರಲ್ಲಿ ಗರ್ಭಿಣಿ ಗೆಳತಿಯ ಮೇಲೆ ನಡೆಸಿದ ಹಲ್ಲೆಯನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿದ್ದ. ಆದರೂ ಕಾನ್ಸಾಸ್ ಸಿಟಿ ಚೀಫ್ಸ್ ತಂಡ 2016ರಲ್ಲಿ ಅವನನ್ನು ಆರಿಸಿತು. ಟೀಕೆ ಕೇಳಿಬಂತು, ಅವನ ಓಟದ ವೇಗ ಅದನ್ನು ಬೇಗನೆ ಮರೆಸಿತು.

ತಪ್ಪಿನ ತೂಕ ಬೇರೆಯಾದರೂ ಇದೇ ಪ್ರಶ್ನೆ ನಮ್ಮಲ್ಲಿಯೂ ಎದ್ದಿದೆ. ಟಿ.ವಿ. ಸಂದರ್ಶನವೊಂದರಲ್ಲಿ ಸ್ತ್ರೀಯರ ಬಗ್ಗೆ ಆಡಿದ ಹಗುರವಾದ ಮಾತುಗಳ ಸಂಬಂಧ 2019ರ ಜನವರಿಯಲ್ಲಿ ಹಾರ್ದಿಕ್ ಪಾಂಡ್ಯ ಹಾಗೂ ಕರ್ನಾಟಕದ ಕೆ.ಎಲ್. ರಾಹುಲ್ ಅಮಾನತುಗೊಂಡರು. ಎರಡೇ ವಾರಗಳಲ್ಲಿ ಅದು ತೆರವಾಯಿತು. ಏಪ್ರಿಲ್ 15ರಂದು ಇಬ್ಬರೂ ವಿಶ್ವಕಪ್ ತಂಡಕ್ಕೆ ಆಯ್ಕೆಯಾದರು. ಕ್ರಿಕೆಟ್ ಮಂಡಳಿಯ ಓಂಬುಡ್ಸ್‌ಮನ್ ನ್ಯಾಯಮೂರ್ತಿ ಡಿ.ಕೆ. ಜೈನ್ ಅವರ ತೀರ್ಪು ಬಂದದ್ದು ಕೆಲವು ದಿನಗಳ ಅನಂತರ. ತಲಾ 20 ಲಕ್ಷ ರೂಪಾಯಿ ದಂಡದಲ್ಲಿ ಅರ್ಧ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪೇದೆಗಳ ಪತ್ನಿಯರಿಗೆ, ಉಳಿದರ್ಧ ಅಂಧರ ಕ್ರಿಕೆಟ್ಟಿಗೆ ಮೀಸಲಾಯಿತು.

ಉದ್ದೇಶ ಒಳ್ಳೆಯದೇ. ಆದರೆ ಆಯ್ಕೆ ಮುಂದೆ, ನ್ಯಾಯ ಹಿಂದೆ ಎಂಬ ಕ್ರಮ ಸರಿಯಲ್ಲ. ತಪ್ಪಿದವನಿಗೆ ಬಾಗಿಲನ್ನು ಶಾಶ್ವತವಾಗಿ ಮುಚ್ಚಲಾಗದು, ತಿದ್ದಿಕೊಳ್ಳಲು ಅವಕಾಶವಿರಲೇಬೇಕು. ಆದರೆ ಕ್ಷಮಿಸುವ ಹಕ್ಕು ನೊಂದವರದು, ಗೆಲುವನ್ನು ಬಯಸುವ ತಂಡದ್ದಲ್ಲ. ವಿಚಾರಣೆ ಮುಗಿದ ಬಳಿಕವೇ ಆಯ್ಕೆ, ಆಯ್ಕೆಯ ಬಳಿಕವೂ ನಿಗಾ ಎಂಬ ನಿಯಮ ಬೇಕು. ಇಲ್ಲವಾದರೆ ಕುದಾಪುರದ ಬಯಲಲ್ಲಿ ಚೆಂಡಾಡುವ ಮಕ್ಕಳೂ, ಚೆನ್ನಾಗಿ ಆಡುವವನಿಗೆ ಎಲ್ಲವೂ ಮಾಫಿ ಎಂಬ ಪಾಠವನ್ನೇ ಕಲಿತಾರು.